ನಿಂಬೆಹುಲ್ಲಿನ ಎಣ್ಣೆ, ಮೂಗಿನ ಮೇಷ್ಟ್ರು

ಧಾನ್ಯದ ಮಂಡಿಯಲ್ಲಿ ಅವನನ್ನು ಹೆಸರು ಹಿಡಿದು ಕರೆದವರಿಲ್ಲ, ಮೂಗಿನ ಮೇಷ್ಟ್ರು ಅಂದರೆ ಸಾಕು. ಒಂದು ಹಿಡಿ ಗೋಧಿ ಮೂಸಿ, ಇದು ಮುಗ್ಗಿದೆ, ಇದಕ್ಕೆ ಹುಳ ಬಿದ್ದಿದೆ ಎಂದರೆ ಎದುರು ಮಾತಿಲ್ಲ. ಆ ಮೂಗನ್ನು ಹೋದ ವರ್ಷದ ಜ್ವರ ತಿಂದುಹಾಕಿತ್ತು. ಈಗ ಸೀದ ಹಾಲೂ ಒಂದೇ, ಸೋಪೂ ಒಂದೇ. ಗೋದಾಮಿನ ಕೆಲಸ ನಿಂತಿದ್ದೇ ಆ ಮೂಗಿನ ಮೇಲೆ. ಹಾಗಾಗಿ ಹೆಂಡತಿಗೂ ಬಾಯಿಬಿಡದೆ, ಮೂಸಿದ ಶಾಸ್ತ್ರ ಮಾಡಿ, ಕಾಳನ್ನು ಹಲ್ಲಲ್ಲಿ ಕಡಿದು ನೋಡಿ, ಹೇಗೋ ಕಾಲ ತಳ್ಳುತ್ತಿದ್ದ.

ಮಗಳಿಗೆ ಬೇರೆಯೇ ಚಿಂತೆ. ಹುಳ ಸಾಯಲೆಂದು ಗೋದಾಮಿನಲ್ಲಿ ಇಡುವ ವಿಷದ ಮಾತ್ರೆಯಿಂದಲೇ ಅಪ್ಪನಿಗೆ ಕೆಮ್ಮು ಎಂದು ಅವಳ ವಾದ. ಹಿತ್ತಲಲ್ಲಿ ಒಲೆ ಹೂಡಿ, ನಿಂಬೆಹುಲ್ಲನ್ನು ಹಬೆಯಲ್ಲಿ ಬೇಯಿಸಿ ಎಣ್ಣೆ ಇಳಿಸಿದಳು. ಹುಳ ಹಿಡಿದ ಗೋಧಿಯ ಡಬ್ಬಿಯಲ್ಲಿ ಅದರಲ್ಲಿ ಅದ್ದಿದ ಹತ್ತಿ ಇಟ್ಟು, ಹುಳಗಳೆಲ್ಲ ಅಂಗಾತ ಬಿದ್ದದ್ದನ್ನು ಗೋದಾಮಿನ ಸಾಹುಕಾರರಿಗೆ ತೋರಿಸಿದಳು.

"ಒಂದು ಕೋಣೆ ಕೊಡ್ತೀನಿ. ಗೆದ್ರೆ ಇಡೀ ಗೋದಾಮಿಗೆ ನಿಂದೇ ಎಣ್ಣೆ," ಅಂದರು ಅವರು.

ಚೀಲಗಳ ಸಂದಿಯಲ್ಲಿ ಎಣ್ಣೆಬಟ್ಟೆ ತೂಗುಹಾಕಿ ಮಗಳು ಕೋಣೆಯ ಕೀಲಿಯನ್ನು ಅಪ್ಪನಿಗೆ ಕೊಟ್ಟಳು.

"ಬೆಳಿಗ್ಗೆ ಬಾಗಿಲು ತೆಗೆದಾಗ ನಿಂಬೆ ವಾಸನೆ ಬಂದ್ರೆ ಮುಟ್ಟಬೇಡಪ್ಪ. ಬರದಿದ್ರೆ ಮಾತ್ರ ಒಂಚೂರು ಎಣ್ಣೆ ಹಾಕು. ನಿನ್ನ ಮೂಗಿಗಿಂತ ಒಳ್ಳೆ ಮಿಷಿನ್ ಎಲ್ಲಿದೆ?"

ಆಗಲೇ ಹೇಳಿಬಿಡಬಹುದಿತ್ತು. ಪುಣ್ಯಾತ್ಮ ಹೂಂ ಅಂದ.

ಬೆಳಿಗ್ಗೆ ಬಾಗಿಲು ತೆಗೆದರೆ ಮೂಗಿಗೆ ಏನೂ ಇಲ್ಲ. ಮಗಳ ಕೆಲಸ ತನ್ನಿಂದ ಕೆಡಬಾರದೆಂದು ಎಣ್ಣೆ ಹಾಕಿದ. ಮಾರನೆಯ ದಿನವೂ ಹಾಕಿದ. ಬಟ್ಟೆ ತೊಟ್ಟಿಕ್ಕಿ ಚೀಲ ನೆನೆದರೂ, ಕಡಿಮೆಯಾದರೆ ಹುಳ ಬಿದ್ದೀತೆಂದು ಹೆದರಿ ಸುರಿದೇ ಸುರಿದ. ಅವನ ಅಂಗಿಯೂ ನಾರುತ್ತಿತ್ತು, ಆದರೆ ಮನೆಗೆ ಮನೆಯೇ ನಿಂಬೆಹುಲ್ಲಾಗಿತ್ತು, ಯಾರಿಗೆ ಗೊತ್ತಾಗಬೇಕು?

ಹುಳ ಒಂದೂ ಉಳಿಯಲಿಲ್ಲ, ಸರಿಯೇ. ಆ ಕೋಣೆಯ ಗೋಧಿ ಕೊಂಡ ಬೇಕರಿಯವನು ಮಾತ್ರ ಲೋಡು ಪೂರ್ತಿ ವಾಪಸ್ ತಂದು ನಿಂತ.

"ಬ್ರೆಡ್ಡು ಅಂತ ಜನಕ್ಕೆ ಸೋಪ್ ತಿನ್ನಿಸಿದ ಹಾಗಾಯ್ತು, ಸಾಹುಕಾರ್ರೇ."

ಸಾಹುಕಾರರು ಇವನ ಕಡೆ ತಿರುಗಿದರು. "ಮೇಷ್ಟ್ರೇ, ದಿನಾ ಮೂಸಿದೋರು ನೀವು. ಎಣ್ಣೆ ಜಾಸ್ತಿ ಆಯ್ತಾ, ಇಲ್ಲಾ ಎಣ್ಣೇನೇ ಸರಿಯಿಲ್ವಾ?"

"ನಾನು ಅವಳು ಹೇಳಿದ ಹಾಗೇ ಹಾಕಿದ್ದು. ಎಣ್ಣೇದೇ ದೋಷ." ಹೇಳಿದ ಮೇಲೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು.

ಮಗಳು ನೆನೆದ ಚೀಲ ಮುಟ್ಟಿ ನೋಡಿದಳು, ಅಪ್ಪನ ಮುಖ ನೋಡಿದಳು. ಒಳಗೆ ಹೋಗಿ ಒಂದು ಹಿಡಿ ಗೋಧಿ ತಂದು ಅವನ ಮೂಗಿಗೆ ಹಿಡಿದಳು.

"ಇದೂ ಅಷ್ಟೇ ಘಾಟಾ, ಅಪ್ಪ?"

"ತಲೆ ಸಿಡಿಯೋ ಘಾಟು."

ಅವಳು ಆ ಗೋಧಿಯನ್ನು ಮುಷ್ಟಿಯಲ್ಲಿ ಮುಚ್ಚಿದಳು. ಅವಳ ಬೆನ್ನ ಹಿಂದೆ ತೆರೆದಿದ್ದದ್ದು ಪಕ್ಕದ ಕೋಣೆಯ ಬಾಗಿಲು ಎಂಬುದನ್ನು ಅವನು ಆಗ ಕಂಡ. ಆ ಕೋಣೆಯ ಗೋಧಿಗೆ ಎಣ್ಣೆ ಸೋಕಿಯೇ ಇರಲಿಲ್ಲ. ಅವಳು ಒಂದು ಮಾತು ಆಡಿದ್ದರೆ ಎಣ್ಣೆಯ ಮಾನ ಉಳಿಯುತ್ತಿತ್ತು, ಅವನು ಬೀದಿಗೆ ಬೀಳುತ್ತಿದ್ದ.

"ಅಪ್ಪ ಹೇಳಿದ್ದೇ ಸರಿ," ಅಂದಳು ಸಾಹುಕಾರರಿಗೆ. "ನನ್ನ ಎಣ್ಣೇನೇ ಸರಿಯಿಲ್ಲ."

ವಿಷದ ಮಾತ್ರೆಯ ಡಬ್ಬಿಗಳು ಗೋದಾಮಿಗೆ ಮರಳಿದವು. ಹಿತ್ತಲ ಒಲೆಯನ್ನು ಅವಳೇ ಕಿತ್ತುಹಾಕಿದಳು. ಆ ದಿನ ಅಪ್ಪನಿಗೆ ಊಟ ಬಡಿಸಿ ತಟ್ಟೆಯನ್ನು ಮುಂದೆ ತಳ್ಳಿದಳು.

"ಅನ್ನ ಸೀದಿದೆ. ನಿನಗೇನೂ ಗೊತ್ತಾಗಲ್ಲ, ತಿನ್ನು."

ಅವನು ತಲೆ ಎತ್ತದೆ, ಕೆಮ್ಮುತ್ತಲೇ ತಿಂದ.