ಒಡೆದ ಸಿಂಕಿನ ಪಕ್ಕದ ಫೋಟೊ

ನನ್ನ ತಮ್ಮ ತೀರಿಕೊಂಡ ಸುದ್ದಿ ತಿಳಿದ ದಿನ ಅವನ ಮನೆ ಮಾಲೀಕರೂ ಬಂದರು. ಮೊದಲು ಕಣ್ಣು ಒರೆಸಿಕೊಂಡರು. ಆಮೇಲೆ ಗೋಡೆಯ ಕಡೆ ನೋಡಿದರು.

ತಮ್ಮ ದರ್ಜಿ. ಬಾಡಿಗೆಯ ಎರಡು ಕೋಣೆ. ಒಂದರಲ್ಲಿ ಹೊಲಿಗೆ ಯಂತ್ರ, ಇನ್ನೊಂದರಲ್ಲಿ ಸಂಸಾರ. ಕೆಲವು ವಾರ ಕಳೆದು ಅವನ ಹೆಂಡತಿ ಮನೆ ಖಾಲಿ ಮಾಡಲು ಹೊರಟಳು. ಮುಂಗಡದ ಹಣ ವಾಪಸ್ಸು ಬಂದರೆ ಚಿಕ್ಕದೊಂದು ಅಂಗಡಿ ಹಿಡಿದು ಅದೇ ಯಂತ್ರ ತುಳಿಯಬಹುದು. ಬಾರದಿದ್ದರೆ ಯಂತ್ರವನ್ನೇ ಮಾರಬೇಕು.

ಮಾಲೀಕರು ಬೆರಳು ಮಡಚುತ್ತಲೇ ಒಳಗೆ ಬಂದರು. "ಸಿಂಕ್ ಒಡೆದಿದೆ, ಕಿಟಕಿಗೆ ಚಿಲಕ ಇಲ್ಲ, ಸುಣ್ಣ ಮಾಸಿದೆ. ಮುಂಗಡದಲ್ಲಿ ಇದನ್ನೆಲ್ಲ ಕಳೆದ್ರೆ ನೀವೇ ನನಗೆ ಕೊಡಬೇಕಾಗುತ್ತೆ ತಾಯಿ. ಹೋಗ್ಲಿ, ದುಃಖದ ಮನೆ ಅಂತ ಬಿಟ್ಟಿದ್ದೀನಿ."

"ದೊಡ್ಡ ಮನಸ್ಸು ನಿಮ್ಮದು," ಎಂದೆ ನಾನು. ಅವಳ ಕಿವಿಯಲ್ಲಿ, "ಕೈ ಮುಗಿದು ಹೊರಡಮ್ಮ. ನೀರಲ್ಲಿದ್ದು ಮೊಸಳೆ ಹತ್ರ ಜಗಳ ಬೇಡ," ಎಂದೆ.

"ನೀರೇ ಬಿಟ್ಟು ಹೊರಟಿದ್ದೀವಲ್ಲ ಭಾವ, ಇನ್ನೆಂಥ ಮೊಸಳೆ?" ಎಂದು ಫೋನು ತೆಗೆದಳು.

ಈ ಮನೆಗೆ ಬಂದ ದಿನವೇ ತಮ್ಮ ಅವಳನ್ನು ಮನೆಯ ಒಂದೊಂದು ಊನದ ಪಕ್ಕ ನಿಲ್ಲಿಸಿ ಫೋಟೊ ತೆಗೆದಿದ್ದ. "ಹೆಂಡ್ತೀನ ಹೂವಿನ ಪಕ್ಕ ನಿಲ್ಸೋದು ಬಿಟ್ಟು ಬಚ್ಚಲ ಪಕ್ಕ ನಿಲ್ಸಿದ್ದೀಯಲ್ಲೋ!" ಎಂದು ನಾವು ನಕ್ಕಿದ್ದೆವು. "ಅಳತೆ ತಗೊಳ್ಳದೆ ಕತ್ತರಿ ಹಿಡೀಬಾರ್ದು ಅಣ್ಣ," ಎಂದಿದ್ದ.

ಈಗ ಆ ಫೋಟೊಗಳನ್ನೇ ಮಾಲೀಕರ ಮುಂದೆ ಹಿಡಿದಳು. ಒಂದರಲ್ಲಿ ಚಿಲಕವಿಲ್ಲದ ಕಿಟಕಿಯ ಪಕ್ಕ ಅವಳು ಮುಖ ಗಂಟುಹಾಕಿ ನಿಂತಿದ್ದಳು. ಒಡೆದ ಸಿಂಕಿನ ಪಕ್ಕ ಇಬ್ಬರಿದ್ದರು: ಅವಳು, ಜೊತೆಗೆ ತಲೆ ಬಾಚಿಕೊಂಡು ಹಲ್ಲು ಬಿಟ್ಟ ಮಾಲೀಕರು. ಫೋಟೊ ಎಂದರೆ ಅವರಿಗೆ ಪ್ರಾಣ. ಕರೆಯದೆಯೇ ಬಂದು ನಿಂತಿದ್ದರು.

ಮಾಲೀಕರು ಫೋನನ್ನು ಕಣ್ಣಿನ ಹತ್ತಿರ ಹಿಡಿದರು. "ಆಗ ನನಗೆ ಕೂದಲು ಎಷ್ಟಿತ್ತು ನೋಡಿ!"

"ಸಿಂಕನ್ನೂ ನೋಡಿ. ತಾರೀಖೂ ಇದೆ," ಎಂದಳು ಅವಳು.

"ಹಾಗಾದ್ರೆ ಸುಣ್ಣ?"

"ತೊಟ್ಟ ಅಂಗಿ ಮಾಸುತ್ತೆ, ವಾಸ ಮಾಡಿದ ಮನೇನೂ ಮಾಸುತ್ತೆ. ಬಾಡಿಗೆ ಕೊಟ್ಟಿದ್ದು ಅದಕ್ಕೇ ಅಲ್ವಾ? ಗೋಡೆಗೆ ಮೊಳೆ ಹೊಡೆದ ತೂತು ನಮ್ಮದು. ಅದನ್ನ ಮುಚ್ಚಿಸಿದ ರಸೀದಿ ಕೊಡಿ, ಅಷ್ಟು ಹಿಡ್ಕೊಳ್ಳಿ. ಮಿಕ್ಕಿದ್ದು ಬ್ಯಾಂಕಿಗೆ ಹಾಕಿ, ಬೀಗದ ಕೈ ತಗೊಳ್ಳಿ."

ಹಣ ಬಂತು. ಹೋಗುವಾಗ ಮಾಲೀಕರು ಮೆಲ್ಲಗೆ, "ಆ ಫೋಟೊ ನನಗೂ ಕಳಿಸಿ ತಾಯಿ," ಎಂದರು.

ಬಾಡಿಗೆ ಮನೆಗೆ ಹೋಗುವವರೇ, ಕರಾರನ್ನು ಓದಿಯೇ ರುಜು ಹಾಕಿ. ಮುಂಗಡಕ್ಕೆ ರಸೀದಿ ಕೇಳಿ. ಸಾಮಾನು ಇಳಿಸುವ ಮೊದಲು ಮನೆಯ ಫೋಟೊ ತೆಗೆಯಿರಿ. ಯಾರಾದರೂ ನಕ್ಕರೆ ನಗಲಿ. ಬಿಡುವಾಗ ಮಾಲೀಕರ ಜೊತೆಯಲ್ಲೇ ಮನೆ ನೋಡಿ, ಹಿಡಿದುಕೊಂಡ ಹಣಕ್ಕೆ ಲೆಕ್ಕ ಕೇಳಿ. ಅದು ಜಗಳವಲ್ಲ, ನಿಮ್ಮ ಹಕ್ಕು.

ಆ ಫೋಟೊಗಳಲ್ಲಿ ನನ್ನ ತಮ್ಮ ಎಲ್ಲಿಯೂ ಇಲ್ಲ. ತೆಗೆದವನು ಅವನೇ ಅಲ್ಲವೇ. ದೇವರೇ, ಅವನನ್ನು ನಿನ್ನ ಮನೆಯಲ್ಲಿ ಇರಿಸಿಕೋ. ಅಲ್ಲಿ ಅವನಿಗೆ ಖಾಲಿ ಮಾಡು ಎನ್ನುವವರು ಯಾರೂ ಇಲ್ಲದಿರಲಿ. ಅವನ ಆತ್ಮಕ್ಕೆ ಶಾಂತಿ ಕೊಡು.