ಗಿರಿಜಾಳ ಹೆಸರಿನ ಡಬ್ಬಿ

ನಾನೊಂದು ಸೂಕ್ಷ್ಮದರ್ಶಕ. ಹುಟ್ಟಿದ್ದು ಅಂಬಾಲಾದ ಸಣ್ಣ ಕಾರ್ಖಾನೆಯೊಂದರಲ್ಲಿ. ಹಿತ್ತಾಳೆಯ ಕೊರಳು ಕೊಟ್ಟರು, ಗಾಜಿನ ಕಣ್ಣು ಕೊಟ್ಟರು. ಬಾಯಿ ಕೊಡಲಿಲ್ಲ.

ಮೊದಲು ಬಂದದ್ದು ಗದಗದ ಒಂದು ಕಾಲೇಜಿಗೆ. ಜೀವಶಾಸ್ತ್ರದ ಹುಲಕೋಟಿ ಸರ್ ಕೆರೆಯ ಹಸಿರು ನೀರಿನ ಹನಿಯನ್ನು ನನ್ನ ಕೆಳಗಿಟ್ಟು ಮಕ್ಕಳನ್ನು ಕರೆಯುತ್ತಿದ್ದರು.

"ನೋಡ್ರಿ, ಯುಗ್ಲೀನಾ. ಮುಂದ ಚಾವಟಿ ಐತಲ್ಲ, ಅದಕ್ಕ ಕಶಾಂಗ ಅಂತಾರ. ಅದನ್ನ ಬಡಕೋತ ಹೊಂಟೈತಿ. ಬ್ಯಾಕ್ಟೀರಿಯಾದ್ದು ಬಡಿಯೂದಿಲ್ಲ, ಬುಡದಾಗ ಮೋಟರ್ ಇದ್ದಂಗ ಗಿರಗಿರ ತಿರಗತೈತಿ. ವೀರ್ಯಾಣುವಿನ ಬಾಲ, ನಮ್ಮ ಶ್ವಾಸನಾಳದ ಸಣ್ಣ ಕೂದಲ ಮಾತ್ರ ಈ ಯುಗ್ಲೀನಾದ ಜಾತಿ. ಒಳಗಿನ ಎಳಿ ಒಂದ ನಮೂನಿ ಹೆಣಿಗಿ."

ಹುಡುಗರು ಕಿಸಕ್ಕೆಂದರು. "ನಗಬ್ಯಾಡ್ರಲೇ, ನೀವೆಲ್ಲಾ ಆ ಬಾಲದ ದೆಸಿಂದನ ಬಂದೀರಿ" ಅಂದರು ಸರ್.

ಹೊಸ ಉಪಕರಣಗಳು ಬಂದಾಗ ನನ್ನನ್ನು ಹರಾಜಿಗಿಟ್ಟರು. ಊರಿನ ಒಂದು ಲ್ಯಾಬ್ ಕೊಂಡಿತು. ಅಲ್ಲಿ ದಿನವೂ ನನ್ನ ಕಣ್ಣಿಗೆ ಕಣ್ಣಿಟ್ಟವಳು ಅನಸೂಯಾ. ಅದೇ ಸರ್ ಕಲಿಸಿದವಳು.

ಒಂದು ಬೆಳಿಗ್ಗೆ ಚಂದ್ರಗೌಡ ಬಂದ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ಹೆಂಡತಿ ಗಿರಿಜಾಳಿಂದ ಹೊರಿಸದ ಹರಕೆಯಿಲ್ಲ, ತಾನು ಪರೀಕ್ಷೆಗೆ ಬಂದದ್ದು ಅಂದೇ ಮೊದಲು. ಹುಟ್ಟಿದಾಗಿನಿಂದ ನೆಗಡಿ, ಕೆಮ್ಮು ಬಿಡದ ಮನುಷ್ಯ. ಡಬ್ಬಿ ಕೊಟ್ಟು ಮೆಲ್ಲಗೆ ಅಂದ:

"ಅಕ್ಕಾರ, ನನ್ನ ಹೆಸರ ಬರೀಬ್ಯಾಡ್ರಿ. ಹೊರಗ ನಮ್ಮೂರ ಮಂದಿ ಕುಂತಾರ. ಮನಿಯಾಕಿ ಹೆಸರಿಲೆ ಇರಲಿ. ಏನ ಪರೀಕ್ಷಾ ಅಂತನೂ ಹಾಕಬ್ಯಾಡ್ರಿ."

ಇಂಥ ಗಂಡಸರು ವಾರಕ್ಕೊಬ್ಬರು ಬರುತ್ತಿದ್ದರು. ಪಾಪ, ನಾಚಿಕೆಯವನು ಅಂದುಕೊಂಡು ಅನಸೂಯಾ ಡಬ್ಬಿಯ ಮೇಲೆ 'ಗಿರಿಜಾ' ಎಂದು ಬರೆದಳು.

ನಾನು ನೋಡಿದೆ. ವೀರ್ಯಾಣುಗಳು ಲೆಕ್ಕವಿಲ್ಲದಷ್ಟು ಇದ್ದವು. ಸತ್ತವು ಮಾತ್ರ ಹೀರುವ ಬಣ್ಣ ಹಾಕಿ ನೋಡಿದರೆ ಜೀವವೂ ಇತ್ತು. ಒಂದರ ಬಾಲವೂ ಅಲುಗಲಿಲ್ಲ. ಹೊರಗೆ ಚಂದ್ರಗೌಡನ ಕೆಮ್ಮು ಕೇಳಿಸಿತು. ಅನಸೂಯಾ ತಲೆಯೆತ್ತಿ, "ಅಲ್ಲೂ ಹಿಂಗ ನಿಂತಾವೋ ಏನೋ" ಎಂದು ತನ್ನಷ್ಟಕ್ಕೆ ಅಂದಳು. ಶ್ವಾಸನಾಳದ ಕೂದಲು ಬಡಿಯದಿದ್ದರೆ ಕಫವನ್ನು ಮೇಲಕ್ಕೆ ತಳ್ಳುವವರು ಯಾರು? ಆಮೇಲೆ ಚೀಟಿ ಬರೆದಳು: ಗಿರಿಜಾ. ಚಲನೆ ಇಲ್ಲ. ಮಕ್ಕಳಾಗುವುದು ಕಷ್ಟ.

ಎರಡು ತಿಂಗಳಿಗೆ ಗಿರಿಜಾ ಆ ಚೀಟಿ ಹಿಡಿದು ಬಂದಳು. ಅತ್ತೆ ಅದನ್ನು ಹಿರಿಯರ ಮುಂದೆ ಓದಿಸಿದ್ದಳಂತೆ. ಗಂಡ ನೆಲ ನೋಡುತ್ತ ಕೂತಿದ್ದನಂತೆ. ಇವಳನ್ನು ತವರಿಗೆ ಅಟ್ಟಿ, ಅವನಿಗೆ ಬೇರೆ ಹೆಣ್ಣು ಗೊತ್ತುಮಾಡಿದ್ದರು.

"ಅಕ್ಕಾರ, ನಾ ನಿಮ್ಮ ಹೊಸ್ತಿಲಾ ತುಳದದ್ದ ಇವತ್ತ. ನನ್ನ ಯಾವಾಗ ನೋಡಿದ್ರಿ?"

ಲ್ಯಾಬಿನ ಮಾಲೀಕ ಪಕ್ಕದಲ್ಲೇ ಇದ್ದ. ಸುಳ್ಳು ಹೆಸರು ಬರೆದೆ ಎಂದರೆ ಕೆಲಸ ಹೋಗುತ್ತದೆ. ಅನಸೂಯಾ ರಿಜಿಸ್ಟರ್ ತಿರುವಿ, "ಇದರಾಗ ನಿಮ್ಮ ಹೆಸರ ಐತ್ರಿ" ಅಂದಳು.

"ಹೆಸರ ಐತಿ, ಖರೆ. ನಾ ಎಲ್ಲಿದ್ದೆ?" ಗಿರಿಜಾ ನನ್ನ ಕಡೆ ಬೆರಳು ಮಾಡಿದಳು. "ಇದರಾಗ ಕಂಡ್ನೇನು ನಾನು?"

ಅನಸೂಯಾ ನನ್ನ ಮೇಲೆ ಮುಸುಕು ಎಳೆದಳು.

ಮೂರು ವರ್ಷ ಬಿಟ್ಟು ಚಂದ್ರಗೌಡ ಮತ್ತೆ ಬಂದ. ಹೊಸ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅವನು ಡಬ್ಬಿ ಇಟ್ಟು ಬಾಯಿ ತೆರೆಯುವ ಮೊದಲೇ ಅನಸೂಯಾ ಬೆಂಚಿನ ಮಂದಿಗೆಲ್ಲ ಕೇಳುವಂತೆ ಅಂದಳು:

"ಈ ಸಲ ಯಾರ ಹೆಸರ ಬರೀಲ್ರಿ ಗೌಡ್ರ? ಗಿರಿಜಾಂದ ಬರದಾತು. ಈಕಿ ಹೆಸರೇನು?"

ಹೊಸ ಹೆಂಡತಿ ಗಂಡನ ಮುಖ ನೋಡಿದಳು. ಅವನು ಡಬ್ಬಿ ಎತ್ತಿಕೊಂಡು, "ನಡಿ" ಎಂದು ಅವಳನ್ನು ಕರೆದುಕೊಂಡು ಹೋದ. ಅದೇ ಬೀದಿಯಲ್ಲಿ ಇನ್ನೂ ಎರಡು ಲ್ಯಾಬ್ ಇದ್ದವು.

ಈಗ ಲ್ಯಾಬಿಗೆ ಕಂಪ್ಯೂಟರ್ ಯಂತ್ರ ಬಂದಿದೆ. ನಾನು ಕಪಾಟಿನ ಕೆಳಗಿನ ಅರೆಯಲ್ಲಿ ಬೂಸ್ಟು ಹಿಡಿದು ಕೂತಿದ್ದೇನೆ. ಡಬ್ಬಿಯ ಮೇಲೆ ಬರೆದ ಹೆಸರು ನನ್ನ ಗಾಜಿನ ಕೆಳಗೆ ಯಾವತ್ತೂ ಬಂದಿಲ್ಲ. ಹನಿಯೊಳಗಿದ್ದದ್ದು ಮಾತ್ರ ಕಂಡಿದೆ. ಗಿರಿಜಾ ಕೇಳಿದ್ದು ಅನಸೂಯಾಳನ್ನಲ್ಲ, ನನ್ನನ್ನು ಎಂದೇ ಇಂದಿಗೂ ಅನ್ನಿಸುತ್ತದೆ. ಇಲ್ಲವ್ವ, ನೀನು ನನ್ನೊಳಗೆ ಎಂದೂ ಕಂಡಿಲ್ಲ.