ಮೊಮ್ಮಗಳಿಗೆ ನೀರೆರೆಯುವ ಕಾಲು

ನಾನು ಮಂಗಮ್ಮ. ಬಂಗಾರಪೇಟೆಯಿಂದ ಮೂರು ಮೈಲಿ ನಮ್ಮೂರು. ಎರಡು ಹಸು ಕಟ್ಟಿಕೊಂಡು ಡೈರಿಗೆ ಹಾಲು ಹಾಕುತ್ತೇನೆ. ಪಕ್ಕದ ಮನೆ ವೆಂಕಟರತ್ನಮ್ಮಕ್ಕನದು. ಅಕ್ಕನ ಗಂಡ ಕೋದಂಡಪ್ಪ ಉರಿಗಾಂ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದರು, ತೊಂಬತ್ತನೇ ಇಸವಿಯಲ್ಲಿ ತೀರಿಕೊಂಡರು. ಇರುವ ಒಬ್ಬಳೇ ಮಗಳು ಆದಿಲಕ್ಷ್ಮಿಯನ್ನು ರಾಬರ್ಟ್‌ಸನ್‌ಪೇಟೆಗೆ ಕೊಟ್ಟಿದೆ.

ಅಮ್ಮ ಒಂಟಿ ಎಂದು ಮಗಳು ಒಂದು ಟೀವಿ ತಂದಿಟ್ಟಳು. ಅಕ್ಕ ತನ್ನ ಹಸು ಮಾರಿ, ಡೈರಿಗೆ ಬರುವುದನ್ನೂ ಬಿಟ್ಟು, ಟೀವಿ ಮುಂದೆ ಚಾಪೆ ಹಾಕಿದಳು. ಕೂತರೆ ಕರೆಂಟು ಹೋಗುವ ತನಕ ಏಳುತ್ತಿರಲಿಲ್ಲ. ವಾರ್ತೆ ಓದುವ ಹೆಂಗಸು ನಮಸ್ಕಾರ ಅಂದರೆ ಅಕ್ಕನೂ ನಮಸ್ಕಾರ ಅನ್ನುತ್ತಿದ್ದಳು. ಗೋಡೆಯಾಚೆ ನಮ್ಮ ಮನೆಯಲ್ಲಿ ನಾವು ನಗುತ್ತಿದ್ದೆವು. ಮನೆಯಲ್ಲಿ ಇನ್ನೊಂದು ದನಿ ಇದೆಯಲ್ಲ, ಅಕ್ಕನಿಗೇನು ಕಡಿಮೆ ಅಂದುಕೊಂಡಿದ್ದೆವು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಮಗಳು ಬಸುರಿಯಾದಳು. ಚೊಚ್ಚಲ ಬಾಣಂತನ ತವರಿನಲ್ಲೇ ಆಗಬೇಕು. ಅಕ್ಕ ಹಿಗ್ಗಿದಳು, ಹಿಗ್ಗಿ ಇನ್ನೂ ಭದ್ರವಾಗಿ ಕೂತಳು.

"ಡೈರಿ ತಂಕ ಬಾರಕ್ಕ," ಅಂದೆ.

"ಬಾಣಂತನ ಬತ್ತೈತೆ ಕಣೆ ಮಂಗ. ಮೈಯಾಗಿನ ಸಕ್ತಿ ಉಳಿಸ್ಕೊಂತಾ ಇವ್ನಿ. ಈಗ್ಲೇ ಓಡಾಡಿ ಕಳ್ಕೊಂಡ್ರೆ ಮಗೀಗೆ ನೀರೆರೆಯೋರು ಯಾರು?"

ನನಗೂ ಅದು ಸರಿ ಅನ್ನಿಸಿತು. ಇಬ್ಬರೂ ದಡ್ಡಿಯರೇ.

ಐದನೇ ತಿಂಗಳಲ್ಲಿ ಮಗಳ ಜೊತೆ ಅವಳ ಅತ್ತೆ ಅಶ್ವತ್ಥಮ್ಮ ಬಂದರು. ಬೀಗಿತ್ತಿಗೆ ಕುಂಕುಮ ಕೊಡಲು ಅಕ್ಕ ಎದ್ದಳು, ಆಗಲಿಲ್ಲ. ಮಂಡಿ ನಡುಗಿ ಮತ್ತೆ ಚಾಪೆಗೇ ಕೂತಳು. ಕೊನೆಗೆ ಬಸುರಿ ಮಗಳೇ ರಟ್ಟೆ ಹಿಡಿದು ಎಬ್ಬಿಸಿದಳು.

ಅಶ್ವತ್ಥಮ್ಮ ಕೆಟ್ಟವರಲ್ಲ. ಮೆತ್ತಗೇ ಹೇಳಿದರು: "ಬಾಣಂತನ ನಮ್ಮನೇಲೇ ಮಾಡ್ಕೊಂತೀವಿ ಬಿಡ್ರಮ್ಮ. ನಿಮ್ಮ ಕೈಲಾಗಾಕಿಲ್ಲ."

ಅವತ್ತು ಸಂಜೆ ಪಕ್ಕದ ಮನೆಯಲ್ಲಿ ಟೀವಿ ದನಿ ಬರಲಿಲ್ಲ. ಹೋಗಿ ನೋಡಿದರೆ ಅಕ್ಕ ಕತ್ತಲಲ್ಲಿ ಕೂತು ಅಳುತ್ತಿದ್ದಳು. "ಅವ್ಳೂ ಬರ್ದಂಗಾದ್ರೆ ಈ ಮನೆಗೆ ಇನ್ಯಾರೆ ಬತ್ತಾರೆ?"

ಮರುದಿನ ನಮ್ಮೂರಿಗೆ ಬರುವ ನರ್ಸ್ ಅನಸೂಯಮ್ಮನವರನ್ನು ಕರೆತಂದೆ. ಅವರು ಮಗುವಿಗೆ ನೀರೆರೆಯಲು ಕೂರುವ ಬಚ್ಚಲ ಮಣೆ ತರಿಸಿದರು. "ಕೂತು ಏಳಿ ನೋಡೋಣ." ಅಕ್ಕನ ಕೈಲಾಗಲಿಲ್ಲ.

"ಗದ್ದೆ ಕಳೆ ಕಿತ್ತಿವ್ನಿ, ಬಾವಿ ನೀರು ಸೇದಿವ್ನಿ ನರ್ಸಮ್ಮ. ಅದೆಲ್ಲಾ ಎಲ್ಲೋಯ್ತು?"

"ಹೋದ ವರ್ಷದ ಊಟ ಈ ವರ್ಷದ ಹಸಿವಿಗೆ ಆಗುತ್ತಾ ಅಮ್ಮ? ಶಕ್ತಿ ಕಣಜದ ರಾಗಿ ಅಲ್ಲ, ಮುಚ್ಚಿಟ್ಟರೆ ಉಳಿಯೋಕೆ. ಹಸುವಿನ ಹಾಲಿದ್ದ ಹಾಗೆ. ಕರೀತಿದ್ದರೆ ಬರುತ್ತೆ, ಬಿಟ್ಟರೆ ಬತ್ತುತ್ತೆ."

"ಅಂಗಾರೆ ಟೀವಿ ಎತ್ತಿಡು ಅಂತೀರಾ?"

"ಬೇಡಮ್ಮ, ನೋಡಿ. ಜಾಹೀರಾತು ಬಂದಾಗೆಲ್ಲ ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ. ರಾಗಿ ಕೇರೋದು, ಬಟ್ಟೆ ಮಡಿಸೋದು ನಿಂತೇ ಮಾಡಿ. ಗೋಡೆ ಹಿಡ್ಕೊಂಡು ದಿನಕ್ಕೆ ಐದು ಸಲ ಕೂತು ಏಳಿ, ರೂಢಿಯಾದ ಮೇಲೆ ಹತ್ತು ಸಲ. ಇದಕ್ಕೆಲ್ಲ ಮೊದಲು ಆಸ್ಪತ್ರೆಗೆ ಹೋಗಿ ಬಿ.ಪಿ., ಸಕ್ಕರೆ ನೋಡಿಸಿ. ಸಂಜೆ ಅರ್ಧ ಗಂಟೆ ನಡೀರಿ."

"ಬರಿಗೈಯಾಗೆ ಬೀದಿ ಸುತ್ತಿದ್ರೆ ಊರು ನಗ್ತೈತೆ. ಒಂದು ಕೆಲ್ಸ ಬೇಡ್ವಾ?"

ನಾನು ನನ್ನ ಹಾಲಿನ ಕ್ಯಾನು ತಂದು ಅಕ್ಕನ ಕೈಗಿಟ್ಟೆ. "ಇದನ್ನ ಇಡ್ಕಂಡು ಡೈರಿಗೆ ನಡಿ. ಯಾರೂ ನಗಾಕಿಲ್ಲ."

ಆಸ್ಪತ್ರೆಯಲ್ಲಿ ತೋರಿಸಿ ಬಂದು ಡೈರಿಗೆ ಹೊರಟ ಮೊದಲ ದಿನ ಅಕ್ಕ ದಾರಿಯಲ್ಲಿ ಮೂರು ಕಡೆ ಕೂತಳು. ಡೈರಿಯಲ್ಲಿ ಹಾಲು ಅಳೆಯುವ ಮುನಿಶಾಮಿ, "ಅಕ್ಕೋ, ದಾರಿ ಮರ್ತಿಲ್ವಲ್ಲ," ಅಂದ. ಸಾಲಿನಲ್ಲಿದ್ದವರೆಲ್ಲ ಮಾತಾಡಿಸಿದರು. ಬಹಳ ದಿನದ ಮೇಲೆ ಮಾತಿಗೆ ಮಾತು ಸಿಕ್ಕಿ ಅಕ್ಕ ತಬ್ಬಿಬ್ಬಾದಳು.

ಎರಡು ತಿಂಗಳಾದ ಮೇಲೆ ಅಶ್ವತ್ಥಮ್ಮ ಮತ್ತೆ ಬಂದರು. ಅಕ್ಕ ಗೋಡೆ ಮುಟ್ಟದೆ ಎದ್ದು ಹೋಗಿ ಕುಂಕುಮ ತಂದಳು. ಅಶ್ವತ್ಥಮ್ಮ ಅಕ್ಕನ ಕಾಲನ್ನೇ ನೋಡಿದರು. "ಬರೋ ತಿಂಗ್ಳು ಸೊಸೇನ ಕಳಿಸ್ತೀನಿ ಬುಡಿ," ಅಂದರು.

ಹೆಣ್ಣು ಮಗು ಹುಟ್ಟಿತು. ಅಕ್ಕ ಮಣೆ ಮೇಲೆ ಕೂತು ಕಾಲು ಚಾಚಿ, ಕಾಲ ಮೇಲೆ ಮಗುವನ್ನು ಮಲಗಿಸಿ, ಹದವಾದ ನೀರು ಹಾಕಿದಳು. ಮಗು ಕಿರುಚುತ್ತಿತ್ತು, ಅಕ್ಕ ನಗುತ್ತಿದ್ದಳು.

ಮಗುವಿಗೆ ಐದನೇ ತಿಂಗಳು ಬಿದ್ದಾಗ ಮಗಳು ಅದನ್ನೆತ್ತಿಕೊಂಡು ಗಂಡನ ಮನೆಗೆ ಹೋದಳು. ಅವತ್ತು ಸಂಜೆ ಪಕ್ಕದ ಮನೆ ಬಿಕೋ ಅನ್ನುತ್ತಿತ್ತು. ಅಕ್ಕ ಮತ್ತೆ ಟೀವಿ ಮುಂದೆ ಕೂತಳೇನೋ ಎಂದು ನನಗೆ ದಿಗಿಲು. ಹಾಲು ಕರೆದು ಏಳುವಾಗ ಅಕ್ಕ ನಮ್ಮ ಹೊಸಿಲಲ್ಲಿ ನಿಂತಿದ್ದಳು.

"ಕ್ಯಾನು ಕೊಡೆ. ಒಬ್ಳೇ ಕೂರಾಕಾಗಾಕಿಲ್ಲ."

ಕ್ಯಾನು ಕೊಟ್ಟೆ, ಇಬ್ಬರೂ ಡೈರಿಗೆ ಹೊರಟೆವು. ದಾರಿಯಲ್ಲಿ ಅಕ್ಕ ಎಲ್ಲಿಯೂ ಕೂರಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಟೀವಿ ನೋಡಿ, ಬೇಡ ಅನ್ನುವುದಿಲ್ಲ. ಅದರ ಮುಂದೆ ಬೇರು ಬಿಡಬೇಡಿ. ಇವತ್ತೇ ಎದ್ದು ಅಂಗಳದಲ್ಲಿ ಒಂದು ಸುತ್ತು ಹಾಕಿ. ಎದೆನೋವು, ಕಾಲಲ್ಲಿ ಗಾಯ ಇರುವವರು ಮೊದಲು ಡಾಕ್ಟರನ್ನು ಕೇಳಿ. ಪಕ್ಕದ ಮನೆಯಿಂದ ಬರೀ ಟೀವಿ ದನಿಯೇ ಕೇಳುತ್ತಿದ್ದರೆ ನನ್ನ ಹಾಗೆ ನಗುತ್ತಾ ಕೂರಬೇಡಿ. ಹೋಗಿ ಬಾಗಿಲು ತಟ್ಟಿ, ಜೊತೆಗೆ ಕರೆದುಕೊಂಡು ನಡೆಯಿರಿ.